ಮೂವತ್ತೈದು ಲಕ್ಷದ ಪಿಕಪ್: ಬುಕ್ ಮಾಡುವ ಮೊದಲು ತೂಗಿ ನೋಡಬೇಕಾದ್ದು

ಮಲೆನಾಡಿನ ತೋಟದ ಮನೆಗಳ ಮುಂದೆ ಮೊದಲು ಜೀಪು ನಿಂತಿರುತ್ತಿತ್ತು, ಆಮೇಲೆ ಬೊಲೆರೊ ಬಂತು. ಈಗ ಅಲ್ಲಲ್ಲಿ ದೊಡ್ಡ ಡಬಲ್ ಕ್ಯಾಬ್ ಪಿಕಪ್ ಕಾಣುತ್ತದೆ. ಮುಂದೆ ಕಾರಿನ ಹಾಗೆ ಐದು ಸೀಟು, ಹಿಂದೆ ತೆರೆದ ಬಾಡಿ, ಕೆಳಗೆ ಫೋರ್ ವೀಲ್ ಡ್ರೈವ್. ಟಾಟಾ ಕ್ಸೆನಾನ್, ಮಹೀಂದ್ರ ಸ್ಕಾರ್ಪಿಯೋ ಗೆಟ್‌ಅವೇ ಈ ದಾರಿಯಲ್ಲಿ ಮೊದಲು ಬಂದು, ನಿಂತೂ ಹೋದವು. 2016ರಲ್ಲಿ ಇಸುಜು ವಿ-ಕ್ರಾಸ್ ಬಂತು, 2022ರಲ್ಲಿ ಟೊಯೋಟಾ ಹೈಲಕ್ಸ್. ದುಬಾರಿ ಪಿಕಪ್ ಬೇಕು ಅಂತ ಇವತ್ತು ಶೋರೂಮಿಗೆ ಹೊರಟರೆ ಕೈಗೆ ಸಿಗುವುದು ಹೆಚ್ಚುಕಡಿಮೆ ಇವೆರಡೇ.

ಹೈಲಕ್ಸಾ ವಿ-ಕ್ರಾಸಾ ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಹಿಂದೆ ಏನು ಹಾಕುತ್ತೀರಿ? ತುಂಬಾ ಜನ ಅಲ್ಲಿಗೇ ಸುಮ್ಮನಾಗುತ್ತಾರೆ. ಈ ಗಾಡಿ ಲಾರಿಯಷ್ಟು ಹೊರುವುದಿಲ್ಲ, ಕಾರಿನಷ್ಟು ಮೆತ್ತಗೆ ಓಡುವುದಿಲ್ಲ. ಎರಡರಲ್ಲೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು. ಯಾವುದನ್ನು ಎಷ್ಟು ಬಿಟ್ಟುಕೊಡಲು ತಯಾರು ಅನ್ನುವುದು ದುಡ್ಡು ಕೊಡುವ ಮೊದಲೇ ಗೊತ್ತಿದ್ದರೆ ಆಮೇಲೆ ಗಾಡಿಯನ್ನು ಬೈಯುವ ಕೆಲಸ ಇರುವುದಿಲ್ಲ.

1. ವರ್ಷದ ಲೋಡು ಒಂದು ಹಾಳೆಯಲ್ಲಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ವರ್ಷ ತೋಟಕ್ಕೆ ಅಥವಾ ಮನೆಗೆ ಏನೇನು ಸಾಗಿಸಿದಿರಿ ಅಂತ ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ವಿಷಯ ಇರಲಿ: ಎಷ್ಟು ತೂಕ, ಎಷ್ಟು ಉದ್ದ, ವರ್ಷಕ್ಕೆ ಎಷ್ಟು ಸಲ.

ಕಾಫಿ ತೋಟದವರ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ. ಮಳೆಗೆ ಮುಂಚೆ ಮತ್ತು ಮಳೆ ಮುಗಿದ ಮೇಲೆ ಗೊಬ್ಬರ. ಅರೇಬಿಕಾ ಕುಯ್ಲು ನವೆಂಬರ್ ಹೊತ್ತಿಗೆ ಶುರುವಾದರೆ ರೋಬಸ್ಟಾ ಮುಗಿಯುವಾಗ ಮಾರ್ಚ್. ಕುಯ್ಲು ಮುಗಿದ ಮೇಲೆ ಕ್ಯೂರಿಂಗ್ ವರ್ಕ್ಸ್‌ಗೆ ಮೂಟೆಗಳು. ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ಪೈಪು, ಪಂಪ್‌ಸೆಟ್ಟು. ಕಾಳುಮೆಣಸು ಕೊಯ್ಯುವಾಗ ಏಣಿ. ನಡುನಡುವೆ ವೀಡ್ ಕಟ್ಟರ್, ಡೀಸೆಲ್ ಕ್ಯಾನು, ನರ್ಸರಿ ಗಿಡ, ಗ್ಯಾಸ್ ಸಿಲಿಂಡರು, ಸಂತೆ ಸಾಮಾನು, ಜೊತೆಗೆ ಮನೆಯ ನಾಯಿ.

ಹಾಳೆ ತುಂಬಿದ ಮೇಲೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಭಾರದ ಲೋಡು ವರ್ಷಕ್ಕೆ ಕೆಲವೇ ಸಲ ಇರುತ್ತದೆ. ದಿನಾ ಇರುವುದು ಭಾರ ಕಡಿಮೆ, ಕೊಳಕು ಜಾಸ್ತಿ ಇರುವ ಸಾಮಾನು: ಎಣ್ಣೆ ಸೋರುವ ಪಂಪು, ಒದ್ದೆ ಗೋಣಿಚೀಲ, ಕೆಸರು ಮೆತ್ತಿದ ಹಾರೆ ಗುದ್ದಲಿ. ಕಾರಿನ ಡಿಕ್ಕಿಗೆ ಹಾಕಲು ಮನಸ್ಸು ಬಾರದ, ಲಾರಿ ಕರೆಸುವಷ್ಟೂ ಇಲ್ಲದ ಸಾಮಾನು ಅದು. ದುಬಾರಿ ಡಬಲ್ ಕ್ಯಾಬ್ ಪಿಕಪ್ ನಿಜವಾಗಿ ಒಪ್ಪುವುದು ಇಂಥ ಕೆಲಸಕ್ಕೆ.

ನಿಮ್ಮ ಪಟ್ಟಿ ಹಾಗಿಲ್ಲದಿದ್ದರೆ ಇಲ್ಲೇ ದಾರಿ ಬದಲಿಸಬಹುದು. ಭಾರದ ಲೋಡು ವಾರಕ್ಕೆ ಎರಡು ಮೂರು ಸಲ ಇದ್ದರೆ ಬೊಲೆರೊ ಕ್ಯಾಂಪರ್ ನೋಡಿ, ಇನ್ನೂ ಭಾರ ಇದ್ದರೆ ಟಾಟಾ ಯೋಧಾ. ಭಾರದ ಲೋಡು ವರ್ಷಕ್ಕೆ ನಾಲ್ಕೇ ದಿನ ಅಂದರೆ ಆ ನಾಲ್ಕು ದಿನ ಮಿನಿ ಲಾರಿ ಬಾಡಿಗೆಗೆ ಕರೆಯಿರಿ. ಪಟ್ಟಿಯಲ್ಲಿ ವಾರಾಂತ್ಯದ ಸೂಟ್‌ಕೇಸು, ಕ್ಯಾಂಪಿಂಗ್ ಟೆಂಟು ಬಿಟ್ಟು ಬೇರೇನೂ ಇಲ್ಲದಿದ್ದರೆ ನಿಮಗೆ ಬೇಕಾಗಿರುವುದು ಎಸ್‌ಯುವಿ. ನೋಡಲು ಚೆಂದ ಅಂತ ಪಿಕಪ್ ತಗೊಳ್ಳುವುದೂ ತಪ್ಪಲ್ಲ, ದುಡ್ಡು ನಿಮ್ಮದು. ಆದರೆ ಮನೆಯಲ್ಲಿ ಮಾತ್ರ ತೋಟದ ಕೆಲಸಕ್ಕೆ ಅಂತ ಹೇಳಬೇಡಿ, ನಂಬುವುದಿಲ್ಲ.

2. ತೂಕದ ಲೆಕ್ಕ ನೀವೇ ಮಾಡಿ

ಗಾಡಿಯ ಗಾತ್ರ ನೋಡಿದರೆ ಒಂದು ಟನ್ ಆರಾಮಾಗಿ ಹೊರುತ್ತದೆ ಅನಿಸುತ್ತದೆ. ಬೇರೆ ದೇಶಗಳಲ್ಲಿ ಹೈಲಕ್ಸ್ ಸುಮಾರು ಒಂದು ಟನ್ ಹೊರುವ ಗಾಡಿಯೇ. ನಮ್ಮಲ್ಲಿ ಮಾರುವ ಹೈಲಕ್ಸ್‌ಗೆ ಹೇಳಿರುವ ಪೇಲೋಡ್, ಅಂದರೆ ಹೊರಬಹುದಾದ ತೂಕ, 470 ಕೆಜಿ. ವಿ-ಕ್ರಾಸ್ ಕೂಡ ಟನ್ ಹೊರುವ ಗಾಡಿಯಲ್ಲ. ಅದರ ಸಂಖ್ಯೆ ವೇರಿಯಂಟ್‌ಗೆ ತಕ್ಕ ಹಾಗೆ ಬೇರೆ ಬೇರೆ, ಬ್ರೋಷರ್‌ನ ಕೊನೆಯ ಪುಟದಲ್ಲಿ ಹುಡುಕಿ.

ಸೇಲ್ಸ್‌ನವರು ಬಾಯಲ್ಲಿ ಹೇಳುವ ಸಂಖ್ಯೆ ಬಿಡಿ. ಯಾರಾದರೂ ಪರಿಚಯದವರ ಗಾಡಿಯ ಆರ್‌ಸಿ ನೋಡಿ. ಅದರಲ್ಲಿ ಖಾಲಿ ಗಾಡಿಯ ತೂಕ ಒಂದು, ಲೋಡಿನ ಸಮೇತ ಇರಬಹುದಾದ ಗರಿಷ್ಠ ತೂಕ ಇನ್ನೊಂದು ಇರುತ್ತದೆ. ಎರಡರ ನಡುವಿನ ವ್ಯತ್ಯಾಸದಲ್ಲೇ ಎಲ್ಲವೂ ಬರಬೇಕು. ಒಳಗೆ ಕೂತ ಜನ, ಹಿಂದೆ ಹಾಕಿದ ಸಾಮಾನು, ಆಮೇಲೆ ನೀವು ಬಾಡಿಯ ಮೇಲೆ ಹಾಕಿಸುವ ಗೂಡಿನಂಥ ಕ್ಯಾನಪಿ, ಒಳಗೆ ಹಾಸುವ ಬೆಡ್‌ಲೈನರ್, ಎಲ್ಲವೂ.

470 ಕೆಜಿಯನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಒಳಗೆ ಮೂರು ಜನ ಕೂತರೆ ಸುಮಾರು 200 ಕೆಜಿ ಹೋಯಿತು. ಉಳಿದದ್ದು 270. ಕಾಫಿ ಮೂಟೆ 50 ಕೆಜಿ ಲೆಕ್ಕದಲ್ಲಿ ಐದು. ಯೂರಿಯಾ ಚೀಲ 45 ಕೆಜಿ, ಅದು ಆರು. ಸಿಮೆಂಟು ಮತ್ತೆ ಐದೇ ಮೂಟೆ. ಮೂವತ್ತೈದು ಲಕ್ಷ ಕೊಟ್ಟು ಐದು ಮೂಟೆಯಾ ಅಂತ ಅನಿಸಿದರೆ ಸಹಜ. ಬೊಲೆರೊ ಕ್ಯಾಂಪರ್ ಅದರ ಮೂರನೇ ಒಂದು ಭಾಗದಷ್ಟು ಬೆಲೆಯಲ್ಲಿ ಒಂದು ಟನ್ ಹೊರುತ್ತದೆ. 2022ರಲ್ಲಿ ಬಂದ ಯೋಧಾ 2.0 ಎರಡು ಟನ್‌ವರೆಗೆ ಹೊರುತ್ತದೆ.

ಜಾಸ್ತಿ ಹಾಕಿದರೆ ಗಾಡಿ ಎಳೆಯುವುದಿಲ್ಲವಾ? ಎಳೆಯುತ್ತದೆ. ಹೈಲಕ್ಸ್‌ನ ಇಂಜಿನ್‌ಗೆ ಹತ್ತು ಮೂಟೆ ಗೊತ್ತೇ ಆಗುವುದಿಲ್ಲ. ಆದರೆ ಆರ್‌ಸಿಯ ಸಂಖ್ಯೆ ಮೀರಿದ ಮೇಲೆ ಘಾಟಿಯಲ್ಲಿ ಬ್ರೇಕಿನದೂ ನಿಮ್ಮದೇ ಜವಾಬ್ದಾರಿ, ಅಪಘಾತವಾದರೆ ವಿಮೆಯವರ ಪ್ರಶ್ನೆಗೂ ನೀವೇ ಉತ್ತರ ಹೇಳಬೇಕು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡಿಗೆ ದಂಡ 20,000 ರೂಪಾಯಿಯಿಂದ ಶುರುವಾಗುತ್ತದೆ. ಸಾಮಾನು ಬಾಡಿಯಿಂದ ಹೊರಗೆ ಚಾಚಿಕೊಂಡಿದ್ದರೂ ಅಷ್ಟೇ ಮೊತ್ತ.

ಚಾಚಿಕೊಳ್ಳುವ ಮಾತು ಸುಮ್ನೆ ಹೇಳಿದ್ದಲ್ಲ. ಡಬಲ್ ಕ್ಯಾಬ್‌ನಲ್ಲಿ ಹಿಂದಿನ ಸೀಟಿಗೆ ಜಾಗ ಕೊಟ್ಟ ಮೇಲೆ ಹಿಂದಿನ ಬಾಡಿಯಲ್ಲಿ ಉಳಿಯುವ ಉದ್ದ ಸುಮಾರು ಒಂದೂವರೆ ಮೀಟರು. ಸ್ಪ್ರಿಂಕ್ಲರ್ ಪೈಪು ಆರು ಮೀಟರು. ಮೆಣಸಿನ ಏಣಿ ಅದಕ್ಕಿಂತ ಕಡಿಮೆ ಏನಿಲ್ಲ. ಪೈಪು ಸಾಗಿಸುವುದೇ ನಿಮ್ಮ ದೊಡ್ಡ ಕೆಲಸವಾಗಿದ್ದರೆ ಸಿಂಗಲ್ ಕ್ಯಾಬ್ ಉದ್ದ ಬಾಡಿಯ ಗಾಡಿಯೇ ಸರಿ. ಶೋರೂಮಿಗೆ ಹೋಗುವಾಗ ಟೇಪು ಹಿಡಿದುಕೊಂಡು ಹೋಗಿ. ಬಾಡಿಯ ಉದ್ದದ ಜೊತೆಗೆ ಎರಡು ಚಕ್ರದ ಉಬ್ಬುಗಳ ನಡುವಿನ ಅಗಲವನ್ನೂ ಅಳೆಯಿರಿ. ಡ್ರಮ್ಮು, ಪ್ಲೈವುಡ್ ಶೀಟು ಕೂರುತ್ತದೋ ಇಲ್ಲವೋ ಅನ್ನುವುದು ಆ ಅಗಲದಿಂದ ತೀರ್ಮಾನವಾಗುತ್ತದೆ.

ಇನ್ನೊಂದು ಮಾತು, ಯಾರಿಗೂ ಕೇಳಲು ಇಷ್ಟವಿಲ್ಲದ್ದು. ಕೆಲಸದವರನ್ನು ಹಿಂದಿನ ಬಾಡಿಯಲ್ಲಿ ನಿಲ್ಲಿಸಿಕೊಂಡು ರಸ್ತೆಗೆ ಇಳಿಯುವುದು ಕಾನೂನಿಗೆ ವಿರುದ್ಧ, ಅವರಿಗೆ ಏನಾದರೂ ಆದರೆ ವಿಮೆಯೂ ಕೈಹಿಡಿಯುವುದಿಲ್ಲ. ಕೆಲಸದವರ ಲೈನ್ ಮನೆಯಿಂದ ತೋಟಕ್ಕೆ ಜನರನ್ನು ಕರೆತರುವುದೇ ಮುಖ್ಯ ಕೆಲಸವಾದರೆ ಅದೇ ದುಡ್ಡಲ್ಲಿ ಸೀಟು ಇರುವ ಗಾಡಿ ನೋಡಿ. ಡಬಲ್ ಕ್ಯಾಬ್ ಒಳಗೆ ಡ್ರೈವರ್ ಬಿಟ್ಟು ನಾಲ್ಕೇ ಜನ.

3. ಬಿಳಿ ಬೋರ್ಡೋ ಹಳದಿ ಬೋರ್ಡೋ

ಇದನ್ನು ಬುಕಿಂಗ್‌ಗೆ ಮೊದಲೇ ಕೇಳಿ, ಲಿಖಿತವಾಗಿ ಪಡೆಯಿರಿ. ಒಂದೇ ಕಂಪನಿಯ ಪಿಕಪ್‌ಗಳಲ್ಲಿ ಒಂದು ಮಾಡೆಲ್ ಬಿಳಿ ಬೋರ್ಡಿನ ಖಾಸಗಿ ವಾಹನವಾಗಿ, ಇನ್ನೊಂದು ಹಳದಿ ಬೋರ್ಡಿನ ಸರಕು ವಾಹನವಾಗಿ ನೋಂದಣಿಯಾಗುತ್ತದೆ. ಖರ್ಚು, ಓಡಾಟ, ವಿಮೆ ಎಲ್ಲವೂ ಇದರ ಮೇಲೆ ನಿಂತಿದೆ.

ಸರಕು ವಾಹನವಾದರೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸಬೇಕು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ವೇಗ ಗಂಟೆಗೆ 80 ಕಿಮೀಗೆ ಕಟ್ಟಿರುತ್ತದೆ. ಲೋಡಿನ ಸಮೇತ 3,000 ಕೆಜಿ ಮೀರದ ಗಾಡಿಗೆ ಪರ್ಮಿಟ್ ಬೇಡ, ಅದೊಂದು ಅನುಕೂಲ. ಡ್ರೈವಿಂಗ್ ಲೈಸೆನ್ಸ್ ಬಗ್ಗೆ ಹಳೆಯ ಗೊಂದಲ ಇತ್ತು. ಸಾಮಾನ್ಯ ಕಾರಿನ ಎಲ್‌ಎಂವಿ ಲೈಸೆನ್ಸ್‌ನಲ್ಲೇ 7,500 ಕೆಜಿವರೆಗಿನ ಸರಕು ವಾಹನ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಮತ್ತೆ ಹೇಳಿದೆ.

ಖಾಸಗಿ ಬೋರ್ಡಿನ ಗಾಡಿಯಲ್ಲಿ ಪಕ್ಕದ ತೋಟದವರ ಮೂಟೆಯನ್ನು ಬಾಡಿಗೆಗೆ ಸಾಗಿಸಬೇಡಿ. ಡೀಸೆಲ್ ದುಡ್ಡು ಮಾತ್ರ ತಗೊಂಡೆ ಅಂದರೂ ಕ್ಲೇಮ್ ಸಮಯದಲ್ಲಿ ಅದು ಬಾಡಿಗೆಯೇ ಆಗಬಹುದು. ಪಾಲಿಸಿ ಪೇಪರ್‌ನಲ್ಲಿ ಪ್ರೈವೇಟ್ ಕಾರ್ ಅಂತಿದೆಯೋ ಗೂಡ್ಸ್ ಅಂತಿದೆಯೋ ಓದಿ ನೋಡಿ. ಆರ್‌ಸಿಗೂ ಪಾಲಿಸಿಗೂ ತಾಳೆಯಾಗಬೇಕು.

4. ಆನ್‌ರೋಡ್ ಬೆಲೆಯ ಆಚೆಗಿನ ಲೆಕ್ಕ

ಹೈಲಕ್ಸ್‌ನ ಬೆಲೆಯ ಕಥೆ ಸ್ವಾರಸ್ಯವಾಗಿದೆ. 2022ರ ಮಾರ್ಚ್‌ನಲ್ಲಿ 33.99 ಲಕ್ಷಕ್ಕೆ ಶುರುವಾಯಿತು. ಒಂದೇ ವರ್ಷದಲ್ಲಿ ಆರಂಭದ ವೇರಿಯಂಟ್ 30.40 ಲಕ್ಷಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಬಂದಾಗ ಅದು 28.02 ಲಕ್ಷವಾಯಿತು. ಮೊದಲ ತಿಂಗಳಲ್ಲಿ ಮುಗಿಬಿದ್ದು ಕೊಂಡವರ ಹೊಟ್ಟೆ ಎಷ್ಟು ಉರಿದಿರಬೇಡ! ವಿ-ಕ್ರಾಸ್ ಇದಕ್ಕಿಂತ ಕೆಲವು ಲಕ್ಷ ಕಡಿಮೆಗೆ ಸಿಗುತ್ತದೆ. ದೊಡ್ಡ ಡೀಸೆಲ್ ಎಸ್‌ಯುವಿಗೆ ಈಗ ಜಿಎಸ್‌ಟಿ ಶೇ 40. ಅದೇ 2.8 ಲೀಟರ್ ಇಂಜಿನ್ ಇರುವ ಫಾರ್ಚ್ಯೂನರ್‌ಗಿಂತ ಹೈಲಕ್ಸ್ ಅಗ್ಗವಾಗಿ ಸಿಗಲು ಈ ತೆರಿಗೆ ದೊಡ್ಡ ಕಾರಣ.

ಆದರೆ ಎಕ್ಸ್‌ಶೋರೂಮ್ ಬೆಲೆ ನೋಡಿ ಹಿಗ್ಗಬೇಡಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಖಾಸಗಿ ವಾಹನಕ್ಕೆ ಜೀವಿತಾವಧಿ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಶೇ 11 ಸೆಸ್. ಒಟ್ಟು ಹತ್ತಿರ ಹತ್ತಿರ ಶೇ 20. 28 ಲಕ್ಷದ ಗಾಡಿ ಖಾಸಗಿಯಾಗಿ ನೋಂದಣಿಯಾದರೆ ತೆರಿಗೆಯೇ ಸುಮಾರು 5.6 ಲಕ್ಷ. ಮೇಲೆ ವಿಮೆ, ಫಾಸ್ಟ್‌ಟ್ಯಾಗ್, ಆಕ್ಸೆಸರಿ ಸೇರಿ ಮೂವತ್ತೈದರ ಹತ್ತಿರ ನಿಲ್ಲುತ್ತದೆ. 10 ಲಕ್ಷ ಮೀರಿದ ಗಾಡಿಗೆ ಶೇ 1 ಟಿಸಿಎಸ್, ಅಂದರೆ ಮಾರುವವರೇ ವಸೂಲಿ ಮಾಡುವ ಆದಾಯ ತೆರಿಗೆ ಹಿಡಿಯುತ್ತಾರೆ. ಅದು ಖರ್ಚಲ್ಲ, ಆದಾಯ ತೆರಿಗೆ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ತಗೊಳ್ಳಬಹುದು. ಎಷ್ಟೋ ಜನ ಮರೆತೇ ಬಿಡುತ್ತಾರೆ.

ಸಾಲದ ಲೆಕ್ಕವನ್ನು ತಿಂಗಳ ಕಂತಿನಿಂದ ನೋಡಬೇಡಿ. 25 ಲಕ್ಷ ಸಾಲ, ಶೇ 9 ಬಡ್ಡಿ ಅಂತ ಇಟ್ಟುಕೊಳ್ಳಿ. ಏಳು ವರ್ಷಕ್ಕೆ ಕಂತು ಸುಮಾರು 40,200, ಒಟ್ಟು ಬಡ್ಡಿ 8.8 ಲಕ್ಷ. ಐದು ವರ್ಷಕ್ಕೆ ಕಂತು ಸುಮಾರು 51,900, ಬಡ್ಡಿ 6.1 ಲಕ್ಷ. ಕಾಫಿಗೆ ಒಳ್ಳೆ ರೇಟು ಬಂದ ವರ್ಷದಲ್ಲಿ 51,900 ಏನೂ ಅನಿಸುವುದಿಲ್ಲ. ಕಾಫಿ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟ ವರ್ಷದಲ್ಲೂ ಅದು ಕಟ್ಟಲು ಆಗುತ್ತದಾ ಅಂತ ಯೋಚಿಸಿ. ತೋಟದ ಆದಾಯ ವರ್ಷಕ್ಕೊಮ್ಮೆ ಬರುವವರು ಮಾಸಿಕ ಕಂತಿನ ಬದಲು ಅರೆ ವಾರ್ಷಿಕ ಕಂತು ಸಿಗುತ್ತದಾ ಅಂತ ಬ್ಯಾಂಕಿನಲ್ಲಿ ಕೇಳಬಹುದು.

ಡೀಸೆಲ್: ಲೀಟರಿಗೆ ಹನ್ನೊಂದು ಕಿಮೀ, ಲೀಟರಿಗೆ 90 ರೂಪಾಯಿ ಹಿಡಿದರೆ 15,000 ಕಿಮೀಗೆ ಸುಮಾರು 1.23 ಲಕ್ಷ. ಒಂದು ಸೆಟ್ ಟೈರಿನ ಬೆಲೆಯನ್ನೂ ಟೈರ್ ಅಂಗಡಿಯಲ್ಲಿ ಕೇಳಿಕೊಂಡು ಬನ್ನಿ. 17, 18 ಇಂಚಿನ ಅಗಲದ ಟೈರು ಊರಿನ ಅಂಗಡಿಯಲ್ಲಿ ಸ್ಟಾಕ್ ಇರುವುದು ಅಪರೂಪ.

ನಿಮ್ಮ ವ್ಯವಹಾರಕ್ಕೆ ಜಿಎಸ್‌ಟಿ ನೋಂದಣಿ ಇದ್ದರೆ ಕಟ್ಟಿದ ಜಿಎಸ್‌ಟಿ ವಾಪಸ್ ಸಿಗುತ್ತದೆ ಅಂತ ಶೋರೂಮಿನಲ್ಲಿ ಹೇಳಬಹುದು. ಪ್ರಯಾಣಿಕರ ವಾಹನಕ್ಕೆ ಆ ಕ್ರೆಡಿಟ್ ಸಿಗುವುದಿಲ್ಲ, ಸರಕು ವಾಹನಕ್ಕೆ ಸಿಗುತ್ತದೆ. ಐದು ಸೀಟಿನ, ಬಿಳಿ ಬೋರ್ಡಿನ ಪಿಕಪ್ ಯಾವುದರಲ್ಲಿ ಬರುತ್ತದೆ ಅನ್ನುವುದನ್ನು ನಿಮ್ಮ ಆಡಿಟರ್ ಹೇಳಲಿ, ಸೇಲ್ಸ್‌ನವರಲ್ಲ.

5. ಎರಡರಲ್ಲಿ ಯಾವುದು

ಕಾಗದದ ಮೇಲೆ ಹೈಲಕ್ಸ್ ಬಲಿಷ್ಠ. 2.8 ಲೀಟರ್ ಡೀಸೆಲ್, 204 ಪಿಎಸ್. ಟಾರ್ಕ್ ಮ್ಯಾನುವಲ್‌ನಲ್ಲಿ 420 ನ್ಯೂಟನ್ ಮೀಟರು, ಆಟೊಮ್ಯಾಟಿಕ್‌ನಲ್ಲಿ 500. ವಿ-ಕ್ರಾಸ್‌ನದು 1.9 ಲೀಟರ್, 163 ಪಿಎಸ್, 360 ನ್ಯೂಟನ್ ಮೀಟರು. ಹೈವೇಯಲ್ಲಿ ಓವರ್‌ಟೇಕ್ ಮಾಡುವಾಗ, ಗಾಡಿ ತುಂಬಿ ಘಾಟಿ ಹತ್ತುವಾಗ ಈ ವ್ಯತ್ಯಾಸ ಕಾಲಿನ ಕೆಳಗೆ ಗೊತ್ತಾಗುತ್ತದೆ. ತೋಟದೊಳಗೆ ಮೊದಲ, ಎರಡನೇ ಗೇರಿನಲ್ಲೇ ಓಡಿಸುವವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಎರಡೂ ಹೊಸ ವಿನ್ಯಾಸದ ಗಾಡಿಗಳಲ್ಲ. ನಮ್ಮ ಹೈಲಕ್ಸ್ ಜಗತ್ತಿಗೆ ಬಂದದ್ದು 2015ರಲ್ಲಿ, ಅದರ ಮುಂದಿನ ತಲೆಮಾರು 2025ರ ನವೆಂಬರ್‌ನಲ್ಲಿ ವಿದೇಶದಲ್ಲಿ ಪರಿಚಯವಾಯಿತು. ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುವ ವಿ-ಕ್ರಾಸ್ ಅದಕ್ಕಿಂತ ಹಳೆಯ ವಿನ್ಯಾಸ. ಬೇರೆ ದೇಶಗಳಲ್ಲಿ 2019ರಲ್ಲೇ ಅದರ ಜಾಗಕ್ಕೆ ಹೊಸದು ಬಂದಿದೆ. ಇಪ್ಪತ್ತು ಲಕ್ಷದ ಎಸ್‌ಯುವಿಯಲ್ಲಿ ಸಿಗುವ ಎಷ್ಟೋ ಸೌಲಭ್ಯ ಇವುಗಳಲ್ಲಿ ಇಲ್ಲದಿರಲು ಇದೂ ಒಂದು ಕಾರಣ. ಹಳೆಯದಾದ್ದರಿಂದ ಲಾಭವೂ ಇದೆ. ಯಾವುದು ಯಾವಾಗ ಕೆಡುತ್ತದೆ ಅಂತ ಮೆಕ್ಯಾನಿಕ್‌ಗಳಿಗೆ ಗೊತ್ತಿರುತ್ತದೆ. ಜೊತೆಗೆ ರಿಯಾಯಿತಿ ಕೇಳಲು ನಿಮಗೆ ಒಳ್ಳೆ ನೆಪ ಸಿಕ್ಕಿತು.

ನನ್ನ ಅಭಿಪ್ರಾಯದಲ್ಲಿ ಇಂಜಿನ್‌ಗಿಂತ ಮುಖ್ಯವಾದದ್ದು ಸರ್ವಿಸ್ ಸೆಂಟರ್ ಎಷ್ಟು ದೂರ ಅನ್ನುವುದು. ಕೂಲಿ ಕಡಿಮೆ, ಜನ ಒಳ್ಳೆಯವರು ಅಂತೆಲ್ಲ ಆಮೇಲೆ ನೋಡೋಣ. ಮೊದಲು ದೂರ ಅಳೆಯಿರಿ. ಹೋಗಿ ಬರಲು ಒಂದು ದಿನ ಬೇಕಾದರೆ ಸಣ್ಣ ರಿಪೇರಿಯನ್ನೂ ಮುಂದಕ್ಕೆ ಹಾಕುತ್ತೀರಿ, ಅದು ದೊಡ್ಡದಾಗುತ್ತದೆ. ಅದೇ ಸೆಂಟರ್‌ನ ಹೊರಗೆ ನಿಂತು ಈ ಗಾಡಿ ತಂದ ಇಬ್ಬರು ಮೂವರನ್ನು ಮಾತಾಡಿಸಿ. ವಿಂಡ್‌ಶೀಲ್ಡ್, ಕ್ಲಚ್ ಪ್ಲೇಟು, ಮುಂದಿನ ಬಂಪರು ಬರಲು ಎಷ್ಟು ದಿನ ಹಿಡಿಯಿತು ಅಂತ ಕೇಳಿ. ಹತ್ತು ರಿವ್ಯೂ ವಿಡಿಯೊಗಿಂತ ಆ ಹತ್ತು ನಿಮಿಷದ ಮಾತು ವಾಸಿ.

ಫೋರ್ ವೀಲ್ ಡ್ರೈವ್ ಬೇಕೇ ಬೇಕಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪು ಮಣ್ಣಿನ ತೋಟದ ದಾರಿಯಲ್ಲಿ ಓಡಾಡುವವರಿಗೆ ಬೇಕು. ಖಾಲಿ ಪಿಕಪ್‌ನ ಹಿಂಭಾಗ ಹಗುರ. ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಗಾಡಿ ಒದ್ದೆ ಏರಿನಲ್ಲಿ ಚಕ್ರ ತಿರುಗಿಸುತ್ತಾ ನಿಂತುಬಿಡುತ್ತದೆ. ಡಾಂಬರು ಅಥವಾ ಕಾಂಕ್ರೀಟ್ ರಸ್ತೆ ಮನೆ ಬಾಗಿಲವರೆಗೂ ಇರುವವರು ಇಸುಜು ಹೈ-ಲ್ಯಾಂಡರ್ ನೋಡಬಹುದು. ಅದೇ 1.9 ಇಂಜಿನ್, ಟೂ ವೀಲ್ ಡ್ರೈವ್, ಲಕ್ಷಗಟ್ಟಲೆ ಉಳಿತಾಯ. ಇನ್ನೂ ಕೆಳಗೆ ಎಸ್-ಕ್ಯಾಬ್ ಇದೆ, 2.5 ಲೀಟರಿನ 78 ಪಿಎಸ್ ಇಂಜಿನ್, ಓಟ ನಿಧಾನ. ಕೆಲಸದ ಗಾಡಿಯೇ ಬೇಕು, ಮನೆಯವರೂ ಒಮ್ಮೊಮ್ಮೆ ಕೂರುತ್ತಾರೆ ಅನ್ನುವವರಿಗೆ ಸಾಕು.

ಫೋರ್ ವೀಲ್ ಇದೆ ಅಂತ ಯಾವಾಗಲೂ ಹಾಕಿಕೊಂಡು ಓಡಿಸುವ ಹಾಗಿಲ್ಲ. ಇವೆರಡರಲ್ಲೂ ಇರುವುದು ಬೇಕಾದಾಗ ಮಾತ್ರ ಹಾಕುವ ವ್ಯವಸ್ಥೆ. ಒಣಗಿದ ಡಾಂಬರಿನ ಮೇಲೆ ಹಾಕಿದರೆ ತಿರುವಿನಲ್ಲಿ ಗೇರು, ಆಕ್ಸಲ್ಲುಗಳು ಒಂದಕ್ಕೊಂದು ಎಳೆದಾಡಿ ಸವೆಯುತ್ತವೆ.

ಮ್ಯಾನುವಲ್ಲೋ ಆಟೊಮ್ಯಾಟಿಕ್ಕೋ ಅನ್ನುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಗಾಡಿಯನ್ನು ಯಾರು ಯಾರು ಓಡಿಸುತ್ತಾರೆ ನೋಡಿ. ತೋಟದ ಲೆಕ್ಕ ನೋಡುವ ರೈಟರು, ಡ್ರೈವರು, ಮಗ, ಎಲ್ಲರ ಕೈಗೂ ಹೋಗುವ ಗಾಡಿಯಾದರೆ ಏರಿನಲ್ಲಿ ಕ್ಲಚ್ ಸುಡುವ ಖರ್ಚು ಒಂದಲ್ಲ ಒಂದು ದಿನ ಬರುತ್ತದೆ. ಆಟೊಮ್ಯಾಟಿಕ್‌ಗೆ ಕೊಡುವ ಜಾಸ್ತಿ ದುಡ್ಡು ಅಲ್ಲಿ ಸರಿಹೋಗುತ್ತದೆ.

6. ಹಿಂದಿನ ಸೀಟಿನಲ್ಲಿ ಮನೆಯವರನ್ನು ಕೂರಿಸಿ

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಈ ಗಾಡಿಗಳ ಹಿಂದೆ ಇರುವುದು ಲೀಫ್ ಸ್ಪ್ರಿಂಗ್, ಲಾರಿಯಲ್ಲಿರುವ ಅದೇ ಕಮಾನು ಪಟ್ಟಿ. ಲೋಡು ಬಿದ್ದರೆ ಹದವಾಗಿ ಕೂರುತ್ತದೆ, ಖಾಲಿ ಇದ್ದಾಗ ಗುಂಡಿಗೆ ಹಾರುತ್ತದೆ. ಮುಂದೆ ಕೂತ ನಿಮಗೆ ಅದು ಅಷ್ಟು ತಟ್ಟುವುದಿಲ್ಲ. ಹಿಂದೆ ಕೂತ ಅಮ್ಮನ ಸೊಂಟಕ್ಕೆ ಗೊತ್ತಾಗುತ್ತದೆ. ಹಿಂದಿನ ಸೀಟಿನ ಬೆನ್ನು ಕೂಡ ಹೆಚ್ಚು ನೆಟ್ಟಗಿರುತ್ತದೆ, ಹಿಂದಕ್ಕೆ ಒರಗಿಸಲು ಜಾಗವಿಲ್ಲ. ಮೂಡಿಗೆರೆಯಿಂದ ಬೆಂಗಳೂರಿಗೆ ತಿಂಗಳಿಗೆ ಎರಡು ಸಲ ವಯಸ್ಸಾದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದ ಮನೆಯಲ್ಲಿ ಇದೊಂದೇ ಗಾಡಿ ಇದ್ದರೆ ಕಷ್ಟ. ಮನೆಯಲ್ಲಿ ಇನ್ನೊಂದು ಕಾರು ಇದ್ದರೆ ಈ ದೂರು ಅರ್ಧ ಕಡಿಮೆಯಾಗುತ್ತದೆ.

ಟೆಸ್ಟ್ ಡ್ರೈವ್ ರಸ್ತೆಯನ್ನೂ ನೀವೇ ಆರಿಸಿ. ಶೋರೂಮಿನವರು ನುಣುಪಾದ ಹೈವೇಯಲ್ಲಿ ಐದು ಕಿಮೀ ಹೋಗಿ ಬರೋಣ ಅನ್ನುತ್ತಾರೆ. ಗಾಡಿಯನ್ನು ಮನೆಯವರೆಗೆ ತರಿಸಿ. ಗೇಟಿನಲ್ಲಿ ತಿರುಗುತ್ತದಾ, ತೋಟದ ಹೇರ್‌ಪಿನ್ ತಿರುವಿನಲ್ಲಿ ರಿವರ್ಸ್ ಇಲ್ಲದೆ ಹೋಗುತ್ತದಾ ನೋಡಿ. ಹೈಲಕ್ಸ್ ಉದ್ದ 5,325 ಮಿಮೀ, ವಿ-ಕ್ರಾಸ್ 5,295 ಮಿಮೀ. ತಿರುಗುವ ತ್ರಿಜ್ಯ ಎರಡಕ್ಕೂ ಆರು ಮೀಟರಿಗಿಂತ ಜಾಸ್ತಿ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಎದುರಿಂದ ಬಸ್ಸು ಬಂದಾಗ ಈ ಉದ್ದ ನೆನಪಾಗುತ್ತದೆ.

ಬೆಂಗಳೂರಿನಲ್ಲಿದ್ದು ಸಕಲೇಶಪುರದ ಕಡೆ ಎರಡು ಎಕರೆ ತಗೊಂಡವರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್. ನಿಮ್ಮ ಪಾರ್ಕಿಂಗ್ ಜಾಗದ ಗೆರೆಯಿಂದ ಗೆರೆಗೆ ಟೇಪು ಹಿಡಿಯಿರಿ. ಐದು ಮೀಟರಿನ ಜಾಗದಲ್ಲಿ 5.3 ಮೀಟರಿನ ಗಾಡಿ ನಿಲ್ಲಿಸಿದರೆ ಮೂತಿ ಓಡಾಟದ ದಾರಿಗೆ ಬರುತ್ತದೆ. ಅಸೋಸಿಯೇಷನ್ ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಗಾಡಿಯ ಫೋಟೊ ಬರಲು ಒಂದು ವಾರವೂ ಬೇಡ.

ಹಿಂದಿನ ಬಾಡಿ ತೆರೆದಿರುವುದೂ ನೆನಪಿರಲಿ. ಸಿಗ್ನಲ್‌ನಲ್ಲಿ ನಿಂತಾಗ ಬ್ಯಾಗು ಯಾರ ಕೈಗೂ ಸಿಗುತ್ತದೆ. ಮಳೆಯಲ್ಲಿ ಟಾರ್ಪಾಲು ಕಟ್ಟಬೇಕು. ಮುಚ್ಚಳ ಅಥವಾ ಕ್ಯಾನಪಿ ಹಾಕಿಸಿದರೆ ಆ ತೊಂದರೆ ತಪ್ಪುತ್ತದೆ, ಎತ್ತರದ ಸಾಮಾನು ಹಾಕಲು ಆಗುವುದಿಲ್ಲ.

7. ತೋಟದೊಳಗೇ ಓಡಿಸುವವರಿಗೆ ಡಿಪಿಎಫ್ ಎಚ್ಚರಿಕೆ

ಇದನ್ನು ಶೋರೂಮಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಹೊಗೆ ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್ ಇರುತ್ತದೆ, ಅದೇ ಡಿಪಿಎಫ್. ತುಂಬಿದ ಮಸಿಯನ್ನು ಗಾಡಿ ತಾನೇ ಸುಟ್ಟುಕೊಳ್ಳುತ್ತದೆ. ಅದಕ್ಕೆ ಸೈಲೆನ್ಸರ್ ಚೆನ್ನಾಗಿ ಬಿಸಿಯಾಗಬೇಕು, ಅಂದರೆ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು.

ಮನೆಯಿಂದ ಕಣಕ್ಕೆ, ಕಣದಿಂದ ಪಲ್ಪರ್ ಹೌಸಿಗೆ, ಅಲ್ಲಿಂದ ಪೇಟೆಗೆ ನಾಲ್ಕು ಕಿಮೀ. ಹೀಗೆ ಓಡುವ ಗಾಡಿ ಬಿಸಿಯೇ ಆಗುವುದಿಲ್ಲ. ಅರ್ಧ ಸುಟ್ಟಾಗ ಇಂಜಿನ್ ಆಫ್ ಮಾಡುತ್ತೀರಿ, ಮತ್ತೆ ಮಸಿ ಕೂರುತ್ತದೆ. ಕೊನೆಗೆ ಎಚ್ಚರಿಕೆ ದೀಪ ಹತ್ತುತ್ತದೆ, ಎಳೆಯುವ ಶಕ್ತಿ ಕಡಿಮೆಯಾಗುತ್ತದೆ, ಟೋ ಮಾಡಿಸುವ ಸ್ಥಿತಿಯೂ ಬರಬಹುದು. ವಾರಕ್ಕೊಮ್ಮೆಯಾದರೂ ಹೈವೇಯಲ್ಲಿ ಅರ್ಧ ಗಂಟೆ ನಿಲ್ಲಿಸದೆ ಓಡಿಸುವ ಅಭ್ಯಾಸ ಇದ್ದರೆ ತೊಂದರೆ ಕಡಿಮೆ. ಅಂಥ ಓಟವೇ ಇಲ್ಲ, ಗಾಡಿ ಗೇಟಿನ ಹೊರಗೆ ಹೋಗುವುದೇ ಅಪರೂಪ ಅಂದರೆ ದುಬಾರಿ ಹೊಸ ಡೀಸೆಲ್ ಪಿಕಪ್ ನಿಮಗೆ ಹೊಂದುವುದಿಲ್ಲ. ಟ್ರ್ಯಾಕ್ಟರ್, ಟ್ರೈಲರ್ ಆ ಕೆಲಸ ಇನ್ನೂ ಚೆನ್ನಾಗಿ ಮಾಡುತ್ತವೆ.

ನೀರಿನ ವಿಷಯವೂ ಹೀಗೇ. ಹೈಲಕ್ಸ್ 700 ಮಿಮೀ ನೀರಿನಲ್ಲಿ ಹೋಗಬಲ್ಲದು ಅಂತ ಕಂಪನಿ ಹೇಳುತ್ತದೆ. ಅದು ನಿಂತ ನೀರಿನ ಲೆಕ್ಕ. ಹರಿಯುವ ಹಳ್ಳದಲ್ಲಿ ತಳದ ಕಲ್ಲು ಎಲ್ಲಿದೆ, ಗುಂಡಿ ಎಲ್ಲಿದೆ ಗೊತ್ತಾಗುವುದಿಲ್ಲ. ಇಂಜಿನ್‌ಗೆ ನೀರು ನುಗ್ಗಿದರೆ ಸಾಮಾನ್ಯ ವಿಮೆ ಸಾಕಾಗುವುದಿಲ್ಲ. ಮಲೆನಾಡು, ಕರಾವಳಿಯವರು ಇಂಜಿನ್ ಪ್ರೊಟೆಕ್ಟ್ ಆಡ್‌ಆನ್ ತಗೊಳ್ಳಿ, ಬಿಡಿಭಾಗದ ಸವಕಳಿ ಕಳೆಯದ ಬಂಪರ್ ಟು ಬಂಪರ್ ವಿಮೆಯ ಜೊತೆಗೆ.

8. ಆಕ್ಸೆಸರಿ ಅಂಗಡಿಗೆ ಹೋಗುವ ಮೊದಲು

ಮುಂದೆ ದಪ್ಪ ಕಬ್ಬಿಣದ ಬುಲ್ ಬಾರ್ ಹಾಕಿಸುವ ಆಸೆ ಇದ್ದರೆ ಬಿಡಿ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಅದನ್ನು ತೆಗೆಸುವಂತೆ ರಾಜ್ಯಗಳಿಗೆ ಹೇಳಿದೆ. ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ತೆರೆಯಲು ಅದು ಅಡ್ಡಿಯಾಗಬಹುದು, ಎದುರಿನ ಪಾದಚಾರಿಗೆ ಅಪಾಯ. ಗಾಡಿ ಎತ್ತರ ಮಾಡಿಸುವುದು, ಬಾಡಿಯ ಸ್ವರೂಪ ಬದಲಿಸುವುದು ಕೂಡ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ಅಡ್ಡ ಬರುತ್ತದೆ. ಗಟ್ಟಿ ಕ್ಯಾನಪಿ ಹಾಕಿಸುವುದಾದರೆ ಆರ್‌ಟಿಒದಲ್ಲಿ ವಿಚಾರಿಸಿ, ವಿಮೆಯವರಿಗೂ ತಿಳಿಸಿ.

ದುಡ್ಡು ಹಾಕುವುದಿದ್ದರೆ ಮೂರಕ್ಕೆ ಹಾಕಿ: ಬೆಡ್‌ಲೈನರ್, ಒಳ್ಳೆ ಆಲ್ ಟೆರೇನ್ ಟೈರು, ಎಳೆಯುವ ಹಗ್ಗ. ಕೆಸರಿನಲ್ಲಿ ನುಣುಪು ಹೈವೇ ಟೈರಿನ ಫೋರ್ ವೀಲ್ ಗಾಡಿಗಿಂತ ಒಳ್ಳೆ ಟೈರು ಹಾಕಿದ ಹಳೆ ಜೀಪು ಮುಂದೆ ಹೋಗಿದ್ದನ್ನು ತೋಟದವರೆಲ್ಲ ನೋಡಿರುತ್ತಾರೆ.

9. ಬುಕಿಂಗ್ ಮತ್ತು ಡೆಲಿವರಿ

ಕೊಟೇಶನ್ ಪೇಪರ್‌ನಲ್ಲಿ ವೇರಿಯಂಟ್, ಬಣ್ಣ, ತಯಾರಿಕೆಯ ವರ್ಷ, ಖಾಸಗಿಯೋ ಸರಕೋ ಅನ್ನುವ ನೋಂದಣಿ ವರ್ಗ, ವಿಮೆಯ ಮೊತ್ತ ಬೇರೆ ಬೇರೆ ಸಾಲಿನಲ್ಲಿ ಇರಲಿ. ಹ್ಯಾಂಡ್ಲಿಂಗ್ ಚಾರ್ಜ್ ಅಂತ ಒಂದು ಸಾಲು ಕಂಡರೆ ಅದು ಏಕೆ ಅಂತ ಕೇಳಿ, ಬಹಳ ಸಲ ಕೇಳಿದ ಕೂಡಲೇ ಮಾಯವಾಗುತ್ತದೆ. ವಿಮೆಯನ್ನು ಹೊರಗೆ ವಿಚಾರಿಸಿ, ಅದೇ ಕವರೇಜಿಗೆ ಎಷ್ಟು ಅಂತ ಹೋಲಿಸಿ.

ಪಿಕಪ್‌ಗಳು ಕಾರಿನಷ್ಟು ಬೇಗ ಮಾರಾಟವಾಗುವುದಿಲ್ಲ, ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತಿರಬಹುದು. ನೋಂದಣಿಗೆ ಮೊದಲೇ ಹೋಗಿ ಗಾಡಿ ನೋಡಿ. ಚಾಸಿ ನಂಬರ್ ಬರೆದುಕೊಂಡು ಇನ್‌ವಾಯ್ಸ್‌ಗೆ ತಾಳೆ ನೋಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಸ್ಟೆಪ್ನಿಯದನ್ನೂ ಬಗ್ಗಿ ನೋಡಿ, ಅದು ಬಾಡಿಯ ಕೆಳಗೆ ತೂಗುತ್ತಿರುತ್ತದೆ. ಅದನ್ನು ಇಳಿಸುವುದು ಹೇಗೆ ಅಂತ ಅಲ್ಲೇ ಮಾಡಿ ತೋರಿಸಲು ಹೇಳಿ. ಫೋರ್ ವೀಲ್ ಡ್ರೈವ್‌ನ ಫೋರ್ ಹೈ, ಫೋರ್ ಲೋ, ಎರಡೂ ಹಿಂದಿನ ಚಕ್ರ ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಇದ್ದರೆ ಅದು, ಎಲ್ಲವನ್ನೂ ಮಣ್ಣಿನ ಜಾಗದಲ್ಲಿ ಒಂದೊಂದಾಗಿ ಹಾಕಿ ತೆಗೆದು ನೋಡಿ. ಹಿಂದಿನ ಬಾಗಿಲು ನಾಲ್ಕು ಸಲ ತೆರೆದು ಹಾಕಿ. ಬೀಗ ಅದಕ್ಕೆ ಬೇರೆ ಇದೆಯೋ ಸೆಂಟ್ರಲ್ ಲಾಕ್‌ಗೆ ಸೇರಿದೆಯೋ ಕೇಳಿ, ಕೆಲವು ವೇರಿಯಂಟ್‌ನಲ್ಲಿ ಸೇರಿರುವುದಿಲ್ಲ. ಇಷ್ಟೆಲ್ಲ ಸರಿ ಇದ್ದ ಮೇಲೆ ಉಳಿದ ದುಡ್ಡು ಕಟ್ಟಿ.